ಮೀನಿನ ತೊಟ್ಟಿಗೆ ಹೆಪ್ಪು

ಮೀನು ಮೊದಲು, ಮಂಡಿ ಆಮೇಲೆ ಎಂದು ಅಕ್ಕ ಹೇಳಿದಾಗ ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಅಕ್ಕ ಇರುವುದು ಕುಣಿಗಲ್‌ನಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕಾರು ಹೊಲಿಗೆ ಮಿಷನ್ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಟೈಲರಿಂಗ್ ಕಲಿಸುತ್ತಾಳೆ. ಜೀವಮಾನವೆಲ್ಲ ಮಿಷನ್ ತುಳಿದ ಕಾಲು. ಬಲ ಮಂಡಿ ಪೂರ್ತಿ ಸವೆದಿತ್ತು. ಮೊದಲು ಬಸ್ ಹತ್ತುವುದನ್ನು ಬಿಟ್ಟಳು. ಆಮೇಲೆ ದೇವಸ್ಥಾನದ ಮೆಟ್ಟಿಲು ಬಿಟ್ಟಳು. ಕೊನೆಗೆ ಮಿಷನ್ ತುಳಿಯುವುದನ್ನೂ ಬಿಟ್ಟು, ಕುರ್ಚಿಯಲ್ಲಿ ಕೂತು ಹುಡುಗಿಯರನ್ನು ಗದರಿಸುವುದೊಂದೇ ಉಳಿದಿತ್ತು. ತುಮಕೂರಿನ ಮೂಳೆ ಡಾಕ್ಟರು ಮಂಡಿ ಬದಲಾಯಿಸಲೇಬೇಕು, ತಡ ಮಾಡಿದಷ್ಟೂ ಕಾಲು ಸೊಟ್ಟಗಾಗುತ್ತದೆ ಎಂದರು. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಅಲ್ಲೇ ತುಮಕೂರಿನ ನಮ್ಮ ಮನೆಯಲ್ಲಿ ಇರುವುದೆಂದು ತೀರ್ಮಾನವಾಯಿತು. ನಾನು ನರ್ಸ್ ಆಗಿ ಸೇರಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಮಂಡಿಯ ರೋಗಿಗಳನ್ನು ಮಂಚದಿಂದ ಎಬ್ಬಿಸಿ ನಡೆಸುವುದು ನನಗೆ ಹೊಸದಲ್ಲ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ ಎಂದುಕೊಂಡೆ.

ಯೋಚಿಸುವಂಥದ್ದು ಅಕ್ಕನ ಹಿತ್ತಿಲಿನಲ್ಲಿತ್ತು. ಹಿಂದೆ ದನಗಳಿಗೆ ಕಲಗಚ್ಚು ಹಾಕುತ್ತಿದ್ದ ಒಂದು ಕಲ್ಲುಬಾನಿ ಅಲ್ಲಿದೆ. ಅದರಲ್ಲಿ ಮೂರು ಗೋಲ್ಡ್ ಫಿಶ್. ಹೆಬ್ಬೆರಳಿನಷ್ಟಿದ್ದಾಗ ತಂದವು, ಈಗ ಅಂಗೈಯಷ್ಟಾಗಿವೆ. ಒಂದು ದಾಸವಾಳದ ಕೆಂಪು, ಒಂದು ಅರ್ಧ ಬಿಳಿ, ಇನ್ನೊಂದರ ಬಾಲ ಹರಿದಿದೆ. ಅಕ್ಕ ಬಾನಿಯ ಅಂಚಿಗೆ ಬೆರಳಿನಿಂದ ತಟ್ಟಿದರೆ ಮೂರೂ ಮೇಲೆ ಬರುತ್ತವೆ. ನಾನು ತಟ್ಟಿದರೆ ಕೆಳಗೆ ಹೋಗುತ್ತವೆ. ಒಮ್ಮೆ ಅಕ್ಕ ಯಾವುದೋ ಮದುವೆಗೆಂದು ಹೋಗಿದ್ದಾಗ ಪಕ್ಕದ ಮನೆಯವರು ಪ್ರೀತಿಯಿಂದ ಬಾನಿಯ ತುಂಬ ಕಡ್ಲೇಪುರಿ ಸುರಿದಿದ್ದರು. ಹಿಂದಿರುಗಿ ಬಂದಾಗ ನಾಲ್ಕನೆಯ ಮೀನು ತೇಲುತ್ತಿತ್ತು. ಅಂದಿನಿಂದ ಆ ಮೀನುಗಳನ್ನು ಯಾರ ಕೈಗೂ ಬಿಟ್ಟು ಅಕ್ಕ ಒಂದು ರಾತ್ರಿಯೂ ಊರಾಚೆ ಉಳಿದಿಲ್ಲ.

"ನಾನ್ ಬರ್ಬೇಕಂದ್ರೆ ಅವೂ ಬರ್ಬೇಕು ಕಣೇ. ಅವಕ್ಕೆ ನಿನ್ ಮನೇಲಿ ಜಾಗ ಮಾಡು, ಆಮೇಲೆ ನನ್ ಮಂಚ ಹಾಕು," ಎಂದಳು.

ಸರಿ, ಮಾಡಿದರಾಯಿತು ಎಂದೆ. ಗೌರಿ ಹಬ್ಬ ಕಳೆದ ವಾರವೇ ನಾನೂ ನಮ್ಮ ಯಜಮಾನರೂ ಹೋಗಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯನ್ನು ಆರಿಸಿ ತಂದೆವು. ಜೊತೆಗೆ ಬಿಳಿ ಕಲ್ಲುಹರಳು, ಗಾಳಿ ಊದುವ ಪಂಪು, ಒಳಗೆ ಸ್ಪಂಜಿರುವ ಒಂದು ಫಿಲ್ಟರ್. ಹಾಲಿನಲ್ಲಿ ಟಿ.ವಿ. ಇದ್ದ ಜಾಗಕ್ಕೆ ತೊಟ್ಟಿ ಬಂತು, ಟಿ.ವಿ. ಕೋಣೆಗೆ ಹೋಯಿತು. ಯಜಮಾನರು ಪೋಸ್ಟ್ ಆಫೀಸಿನಲ್ಲಿದ್ದವರು. ಯಾವ ವಸ್ತು ಎಲ್ಲಿಗೆ ರವಾನೆಯಾದರೂ ತಕರಾರಿಲ್ಲ.

ನನ್ನ ಪದ್ಧತಿ ಇಷ್ಟೇ: ಮಾಡುವ ಕೆಲಸಕ್ಕೆ ಹೊತ್ತಿರಬೇಕು, ಮುಟ್ಟುವ ವಸ್ತು ತೊಳೆದಿರಬೇಕು. ನರ್ಸಿಂಗ್ ಸ್ಕೂಲಿನಲ್ಲಿ ನಮ್ಮ ಮೇಲ್ವಿಚಾರಕಿ ಬಿಳಿ ಕರ್ಚೀಫಿನಿಂದ ಕಿಟಕಿಯ ಸರಳು ಒರೆಸಿ ನೋಡುತ್ತಿದ್ದರು. ಕರ್ಚೀಫಿಗೆ ಧೂಳು ಅಂಟಿದರೆ ಆ ದಿನ ಯಾರಿಗೂ ಸಂಜೆ ಹೊರಗೆ ಹೋಗಲು ಅನುಮತಿ ಇಲ್ಲ. ಆ ಕರ್ಚೀಫು ನನ್ನ ತಲೆಯಲ್ಲಿ ಇವತ್ತಿಗೂ ಇದೆ. ಹೀಗಾಗಿ ಬೆಳಿಗ್ಗೆ ಸ್ನಾನ, ಪೂಜೆ, ಕಾಫಿ ಆದ ಮೇಲೆ ತೊಟ್ಟಿಯ ಸರದಿ ಎಂದು ಗೊತ್ತು ಮಾಡಿಕೊಂಡೆ. ಗಾಜು ಒರೆಸುವುದು, ಸ್ಪಂಜನ್ನು ಬಿಸಿನೀರಿನಲ್ಲಿ ಹಿಂಡಿ ತೊಳೆಯುವುದು, ಎರಡು ಬಕೆಟ್ ನೀರು ತೆಗೆದು ಎರಡು ಬಕೆಟ್ ಹೊಸ ನೀರು ಹಾಕುವುದು. ತೊಟ್ಟಿಯೊಳಗಿನ ಹರಳು ಮುತ್ತಿನಂತೆ ಹೊಳೆಯುತ್ತಿತ್ತು.

ಪರೀಕ್ಷೆಗೆ ಇರಲಿ ಎಂದು ಯಜಮಾನರು ಅಂಗಡಿಯಿಂದ ಎರಡು ಸಣ್ಣ ಮೀನು ತಂದು ಬಿಟ್ಟರು. ಅವು ಎರಡು ದಿನ ಚೆನ್ನಾಗಿದ್ದವು. ಮೂರನೆಯ ದಿನ ನೀರಿನ ಮೇಲ್ಗಡೆಯೇ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಅದನ್ನು ನೋಡಿ ಯಜಮಾನರು, ಮಾತಾಡೋಕೆ ಶುರು ಮಾಡಿವೆ ಎಂದರು. ನನಗೆ ಗೊತ್ತಾಯಿತು. ಉಸಿರಾಟಕ್ಕೆ ಕಷ್ಟಪಡುವ ಜೀವ ಮನುಷ್ಯರದ್ದಾದರೇನು, ಮೀನಿನದಾದರೇನು, ಅದರ ಮುಖ ಒಂದೇ. ಸಂಜೆಯ ಹೊತ್ತಿಗೆ ಎರಡೂ ಹೋದವು.

ಈ ಸುದ್ದಿಯನ್ನು ಅಕ್ಕನಿಗೆ ಹೇಳಬಾರದಿತ್ತು. ಆದರೆ ಯಜಮಾನರಿಗೆ ಬಂದ ಫೋನಿನಲ್ಲಿ ಸುದ್ದಿ ತಡೆದು ಗೊತ್ತಿಲ್ಲ. ಅಕ್ಕ ಫೋನ್ ನನಗೆ ಕೊಡಲು ಹೇಳಿದಳು.

"ನಿಂದು ಮೀನ್ ಸಾಯ್ಸೋ ನೀರು. ಅದು ಸರಿಯಾಗೋಗಂಟ ನಾನು ಕುಣಿಗಲ್ ಬುಟ್ಟು ಅಲ್ಲಾಡಲ್ಲ. ನಿಮ್ ಡಾಕ್ಟ್ರಿಗೆ ಹೇಳ್ಬುಡು."

ಡಾಕ್ಟರಿಗೆ ಹೇಳಿದೆ. ಜ್ವರ ಎಂದು ಸುಳ್ಳು ಹೇಳುವ ಮನಸ್ಸಾಗದೆ ಇದ್ದದ್ದನ್ನೇ ಹೇಳಿದೆ. ಅವರು ತಲೆಯೆತ್ತಿ ನೋಡಿ, ಆಪರೇಷನ್ನನ್ನು ಕಾರ್ತಿಕದ ಕೊನೆಗೆ ಮುಂದೂಡಿದರು. ಅದಕ್ಕೂ ಆಚೆ ಹೋದರೆ ತಾವು ಜವಾಬ್ದಾರರಲ್ಲ ಎಂದೂ ಸೇರಿಸಿದರು. ಹೀಗೆ ಅಕ್ಕನ ಕಾಲು ನಮ್ಮ ಹಾಲಿನ ಗಾಜಿನ ತೊಟ್ಟಿಯೊಳಗಿನ ನೀರಿಗೆ ಕಟ್ಟುಬಿತ್ತು.

ಈ ನೀರಿನಲ್ಲಿ ಏನಿದೆ ಎಂದು ತಿಳಿಯಲು ಕೂತೆ. ಫೋನಿನಲ್ಲಿ ಓದಿದೆ, ವಿಡಿಯೋ ನೋಡಿದೆ, ಮೀನಿನ ಅಂಗಡಿಯವರನ್ನು ಕೇಳಿದೆ. ವಿಷಯ ಕಷ್ಟದ್ದಲ್ಲ. ಮೀನಿನ ಮಲಮೂತ್ರ, ತಿಂದುಳಿದ ಮೇವು ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಬಂದು ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಆಮೇಲೆ ಇನ್ನೊಂದು ಜಾತಿಯದು ಬಂದು ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದು ಅಷ್ಟೇನೂ ಕೇಡಲ್ಲ, ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ಬಂದು ಸಂಸಾರ ಹೂಡುವ ತನಕ ಮೀನು ಬಿಡಬಾರದು. ಅಲ್ಲಿಯವರೆಗೆ ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಮೇವು ಹಾಕಿ, ಅದು ಕೊಳೆತು, ಆ ಕೊಳೆಯನ್ನು ತಿನ್ನಲು ಅವು ಹುಟ್ಟಿ ಬರುವುದನ್ನು ಕಾಯಬೇಕು.

ಇದನ್ನು ಓದಿ ಹೇಳಿದಾಗ ಯಜಮಾನರು ಬಿದ್ದು ಬಿದ್ದು ನಕ್ಕರು. "ಇಷ್ಟು ವರ್ಷ ಬ್ಯಾಕ್ಟೀರಿಯಾ ಕೊಂದು ಪೆನ್ಷನ್ ತಗೊಂಡೆ. ಈಗ ಬಾ, ಸಾಕು," ಎಂದರು.

ಸಾಕೋಣ ಎಂದು ನಿಂತೆ. ನೀರಿನ ಪರೀಕ್ಷೆ ಮಾಡುವ ಕಿಟ್ ತರಿಸಿದೆ. ಸಣ್ಣ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ ಔಷಧಿಯ ಹನಿ ಹಾಕಿ ಅಲ್ಲಾಡಿಸಿದರೆ ಬಣ್ಣ ಬರುತ್ತದೆ. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ನೈಟ್ರೈಟ್ ಇದ್ದರೆ ನೇರಳೆ, ಇಲ್ಲದಿದ್ದರೆ ತಿಳಿ ನೀಲಿ. ನೈಟ್ರೇಟ್ ಇದ್ದರೆ ಕೆಂಪು. ವಾರ್ಡಿನಲ್ಲಿ ಮೂತ್ರ ಪರೀಕ್ಷೆ ಮಾಡಿ ಪಳಗಿದ ಕೈ. ಈ ಕೆಲಸ ನನಗೆ ಇಷ್ಟವೇ ಆಯಿತು. ಮೊದಲನೆಯ ವಾರ ಅಮೋನಿಯಾ ಕಡು ಹಸಿರು ಬಂತು. ಸರಿ, ಶುರುವಾಯಿತು ಎಂದು ಖುಷಿಪಟ್ಟೆ. ಎರಡನೆಯ ವಾರವೂ ಹಸಿರು. ಮೂರನೆಯ ವಾರವೂ ಹಸಿರು. ನೈಟ್ರೈಟ್ ಮಾತ್ರ ಶರತ್ಕಾಲದ ಆಕಾಶದಂತೆ ತಿಳಿ ನೀಲಿಯಾಗಿಯೇ ಉಳಿಯಿತು. ಅಂದರೆ ಕೊಳೆ ಇದೆ, ತಿನ್ನುವವರು ಬಂದಿಲ್ಲ.

ಚಳಿಗೆ ಹೀಗಾಗಿರಬಹುದೆಂದು ತೊಟ್ಟಿಯನ್ನು ಕಿಟಕಿಯಿಂದ ಈಚೆಗೆ ಸರಿಸಿದೆವು. ಗಾಳಿ ಸಾಲದಿರಬಹುದೆಂದು ಇನ್ನೊಂದು ಪಂಪು ಹಾಕಿದೆವು. ಅಂಗಡಿಯವರು ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಕೊಟ್ಟರು. ಅದನ್ನು ಹಾಕುವ ಮೊದಲು ತೊಟ್ಟಿ ಶುದ್ಧವಾಗಿರಲಿ ಎಂದು ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿ, ಹರಳನ್ನೆಲ್ಲ ಉಜ್ಜಿ, ಆಮೇಲೆ ಸುರಿದೆ. ಮಾರನೆಯ ವಾರ ಮತ್ತೆ ಹಸಿರು. ಆಯುಧಪೂಜೆಯ ದಿನ ಮನೆಯಲ್ಲಿದ್ದ ಕತ್ತರಿ, ಮಿಕ್ಸಿ, ಕಾರುಗಳ ಜೊತೆ ಫಿಲ್ಟರನ್ನೂ ಬಿಚ್ಚಿ ತೊಳೆದು ಒರೆಸಿ ಇಟ್ಟೆ. ಯಜಮಾನರು ಅದಕ್ಕೆ ವಿಭೂತಿ ಬಳಿದು, ಚೆಂಡುಹೂವು ಇಟ್ಟು, ನೀನಾದರೂ ಕಣ್ಣು ಬಿಡಪ್ಪ ಎಂದು ಕೈ ಮುಗಿದರು. ಅದು ಕಣ್ಣು ಬಿಡಲಿಲ್ಲ.

ಅಕ್ಕ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಹುಡುಗಿಯರು ಪರೀಕ್ಷೆ ಬರೆದು ಬಂದಾಗ ಕೇಳುವ ಧಾಟಿಯಲ್ಲೇ, "ನೀರು ಪಾಸಾಯ್ತೇನೇ?" ಎನ್ನುತ್ತಿದ್ದಳು. ಇಲ್ಲ ಎಂದರೆ ಹೂಂ ಎಂದು ಇಟ್ಟುಬಿಡುತ್ತಿದ್ದಳು. ಒಂದು ಸಂಜೆ ಇಡಲಿಲ್ಲ. ಬಚ್ಚಲಿಗೆ ಹೋಗಿ ಎದ್ದು ಬರಲು ಆಗದೆ ಒಬ್ಬ ಹುಡುಗಿಯನ್ನು ಕೂಗಿ ಕರೆಯಬೇಕಾಯಿತು ಎಂದಳು. ಮೀನುಗಳನ್ನು ಹುಡುಗಿಯರ ಕೈಗೊಪ್ಪಿಸಿ ಬಂದುಬಿಡು ಎಂದು ನಾನು ಬೇಡಿಕೊಂಡೆ. ಆಗಲ್ಲ ಎಂದಳು. ಆ ದನಿಯಲ್ಲಿ ಹಟಕ್ಕಿಂತ ಹೆಚ್ಚಾಗಿ ಅಂಜಿಕೆಯಿತ್ತು. ತನ್ನ ಮನೆಯದೆಂದು ಏನಾದರೂ ಜೊತೆಗಿಲ್ಲದೆ ಅವಳು ಆಸ್ಪತ್ರೆಗೆ ಬರುವವಳಲ್ಲ ಎಂಬುದು ನನಗೆ ಅವತ್ತು ತಿಳಿಯಿತು. ಎಷ್ಟೋ ರೋಗಿಗಳು ಮನೆಯ ಚೊಂಬನ್ನೋ ಹಳೆಯ ದುಪ್ಪಟಿಯನ್ನೋ ಹಿಡಿದುಕೊಂಡು ಬರುತ್ತಿದ್ದರು. ಇವಳದು ಮೀನು.

ಇಷ್ಟರಲ್ಲಿ ಗುಬ್ಬಿಯಿಂದ ನಮ್ಮ ನಾದಿನಿ ಬಂದಳು. ಯಜಮಾನರ ತಂಗಿ. ಅವಳ ಗಂಡನದು ಕೊಬ್ಬರಿ ವ್ಯಾಪಾರ. ಅವಳದು ಎಲ್ಲರ ವ್ಯಾಪಾರವನ್ನೂ ವಿಚಾರಿಸುವುದು. ಅವಳ ಮನೆಯ ಪಡಸಾಲೆಯಲ್ಲೂ ಒಂದು ಮೀನಿನ ತೊಟ್ಟಿಯಿದೆ. ನಾನು ಅದರ ಕಡೆ ನೋಡುವುದನ್ನೇ ಬಿಟ್ಟಿದ್ದೆ, ಅಷ್ಟು ಪಾಚಿ. ನಮ್ಮ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅತ್ತಿಗೆ, ಇದು ಆಪರೇಷನ್ ಥಿಯೇಟರ್ ಇದ್ದಂಗೈತೆ. ಇದ್ರಲ್ಲಿ ಮೀನು ಬದುಕ್ತವಾ, ಇಲ್ಲ ಹೊಲಿಗೆ ಹಾಕುಸ್ಕೊಂಡು ಮನೆಗೆ ಹೋಗ್ತವಾ?"

ಕಿಟ್ಟೇ ಸರಿಯಿಲ್ಲದಿರಬಹುದು ಎಂದು ನಾನು ಮಾತು ತಿರುಗಿಸಿದೆ. ಹಾಗಾದರೆ ತನ್ನ ತೊಟ್ಟಿಯ ನೀರನ್ನು ಪರೀಕ್ಷೆ ಮಾಡಿ ನೋಡಿ ಎಂದಳು. ವಾರ ಕಳೆಯುವುದರೊಳಗೆ, ತುಮಕೂರಿಗೆ ಬರುವವರ ಕೈಯಲ್ಲಿ ಒಂದು ಬಾಟಲಿ ನೀರು ಕಳಿಸಿಯೇ ಬಿಟ್ಟಳು. ನಾನು ಹನಿ ಹಾಕಿದೆ. ಅಮೋನಿಯಾ ಹಳದಿ, ಅಂದರೆ ಇಲ್ಲವೇ ಇಲ್ಲ. ನೈಟ್ರೈಟ್ ನೀಲಿ. ನೈಟ್ರೇಟ್ ಕುಂಕುಮದಂತೆ ಕೆಂಪು. ನೀರು ಎಷ್ಟು ಸರಿಯಾಗಿರಬೇಕೋ ಅಷ್ಟು ಸರಿಯಾಗಿತ್ತು. ಕಿಟ್ಟಿನ ಮೇಲೆ ತಪ್ಪು ಹೊರಿಸಲು ದಾರಿಯಿರಲಿಲ್ಲ.

ನಾದಿನಿಗೆ ಫೋನ್ ಮಾಡಿ, ನೀನು ತೊಟ್ಟಿಗೆ ಏನೇನು ಮಾಡುತ್ತೀಯ, ಬೆಳಗಿನಿಂದ ಹೇಳು ಎಂದೆ. ಏನೂ ಮಾಡಲ್ಲ ಎಂದಳು. ಬೋರಿನ ನೀರು ಹಾಕುತ್ತಾಳೆ. ಫಿಲ್ಟರ್ ಕಟ್ಟಿಕೊಂಡರೆ ತೊಟ್ಟಿಯದೇ ನೀರನ್ನು ಬಕೆಟ್‌ಗೆ ತೆಗೆದು ಸ್ಪಂಜನ್ನು ಅದರಲ್ಲಿ ಎರಡು ಸಲ ಹಿಂಡಿ ಮತ್ತೆ ಹಾಕುತ್ತಾಳೆ. ಆ ಕೊಳೆ ನೀರು ಕರಿಬೇವಿನ ಗಿಡಕ್ಕೆ. ಎಲ್ಲ ತನ್ನ ಕೈಗುಣ, ಅದು ಎಲ್ಲರಿಗೂ ಬರಲ್ಲ ಎಂದೂ ಹೇಳಿದಳು. ಕೈಗುಣದ ಮಾತು ನನಗೆ ರುಚಿಸಲಿಲ್ಲ. ಕಾರಣ ಇಲ್ಲದೆ ಯಾವುದೂ ಆಗುವುದಿಲ್ಲ. ಅವಳ ತೊಟ್ಟಿಗೂ ನನ್ನ ತೊಟ್ಟಿಗೂ ಏನು ವ್ಯತ್ಯಾಸ ಎಂದು ಯೋಚಿಸುತ್ತಲೇ ಇದ್ದೆ.

ಉತ್ತರ ಭಾನುವಾರ ಬೆಳಿಗ್ಗೆ ಸಿಕ್ಕಿತು. ನಮ್ಮ ಮನೆಯಲ್ಲಿ ಭಾನುವಾರದ ಮೊದಲ ಕೆಲಸ ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದು. ನಲ್ಲಿಯಲ್ಲಿ ನೀರು ಬಿಟ್ಟಾಗ ಹಿಡಿದಿಟ್ಟು ದಿನಗಟ್ಟಲೆ ಬಳಸುವ ನೀರು. ಶುದ್ಧವಾಗಿರಲಿ ಎಂದು ಈ ಮನೆಗೆ ಬಂದಾಗಿನಿಂದ ಅದನ್ನು ನಾನೇ ಕೈಯಾರೆ ಹಾಕುತ್ತೇನೆ. ಅಂದೂ ಪುಡಿಯನ್ನು ಮಗ್ಗಿನಲ್ಲಿ ಕಲಸಿ, ತಿಳಿ ಬಸಿದು, ಸಂಪಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿಯಿತು. ಮಗ್ಗು ಹಿಡಿದ ಕೈ ಅಲ್ಲೇ ನಿಂತಿತು.

ಯಜಮಾನರು ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು. "ಏನು, ಸಂಪಿಗೆ ಸಂಕಲ್ಪ ಹೇಳ್ತಿದೀಯಾ?" ಎಂದರು.

"ರೀ, ಇದನ್ನ ಯಾತಕ್ಕೆ ಹಾಕ್ತೀವಿ?"

"ಕ್ರಿಮಿ ಸಾಯ್ಲಿ ಅಂತ. ಮನೆಗೆ ಬಂದೋರಿಗೆಲ್ಲ ನೀನೇ ಪಾಠ ಮಾಡ್ತೀಯಲ್ಲ."

"ತೊಟ್ಟಿಗೆ ಹೋಗೋದೂ ಇದೇ ನೀರು."

ಅವರು ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಪಾಪ, ಅವು ಎಷ್ಟು ಸಲ ಬಂದ್ ಬಂದ್ ಸತ್ವೋ," ಎಂದರು.

ಎಲ್ಲವೂ ಒಂದರ ಹಿಂದೊಂದು ತಿಳಿಯಿತು. ಕ್ಲೋರಿನ್ ಇರುವ ನೀರು ದಿನಾ ಎರಡು ಬಕೆಟ್. ಅದರಿಂದ ತಪ್ಪಿಸಿಕೊಂಡು ಸ್ಪಂಜಿನಲ್ಲಿ ಅಡಗಿ ಕುಳಿತ ಒಂದಷ್ಟು ಬ್ಯಾಕ್ಟೀರಿಯಾಗಳಿಗೆ ಬೆಳಿಗ್ಗೆ ಬಿಸಿನೀರು. ಬಾಟಲಿಯಲ್ಲಿ ಬಂದವು ಬಂದ ದಿನವೇ ಹೋಗಿದ್ದವು. ಅವು ಇರುವುದೇ ಆ ಜಿಡ್ಡಿನಲ್ಲಿ, ಆ ಕಂದು ಲೋಳೆಯಲ್ಲಿ. ನಾನು ಕೊಳೆ ಎಂದು ತೊಳೆದದ್ದೆಲ್ಲ ಅವುಗಳ ಮನೆ. ಯಾವ ವಾರ್ಡಿನಲ್ಲಾದರೂ ಇದನ್ನು ನೋಡಿದ್ದರೆ ನಮ್ಮ ಮೇಲ್ವಿಚಾರಕಿ ಬೆನ್ನು ತಟ್ಟುತ್ತಿದ್ದರು. ಒಂದೇ ಒಂದು ಕ್ರಿಮಿಯೂ ಉಳಿಯದ ತೊಟ್ಟಿ.

ಅವತ್ತೇ ಹೊಸ ನಿಯಮ ಜಾರಿಯಾಯಿತು. ತೊಟ್ಟಿಯ ನೀರನ್ನೆಲ್ಲ ತೆಗೆದು, ಎದುರು ಮನೆಯವರ ಬೋರಿನಿಂದ ನೀರು ತುಂಬಿಸಿದೆವು. ಸ್ಪಂಜನ್ನು ಮುಟ್ಟುವಂತಿಲ್ಲ. ಗಾಜನ್ನು ಒರೆಸುವಂತಿಲ್ಲ. ಕಾಫಿ ಆದ ಮೇಲಿನ ಆ ಹೊತ್ತಿನಲ್ಲಿ ಕೈ ಸುಮ್ಮನಿರುತ್ತಿರಲಿಲ್ಲ. ಒರೆಸುವ ಬಟ್ಟೆ ಹಿಡಿದು ಹೋಗಿ ಟೇಬಲ್ಲನ್ನೇ ಮತ್ತೊಮ್ಮೆ ಒರೆಸಿ ಬರುತ್ತಿದ್ದೆ. ಆದರೆ ತೊಂದರೆ ಮುಗಿದಿರಲಿಲ್ಲ. ಮೊದಲಿನಿಂದ ಶುರು ಮಾಡಿದರೆ ಬ್ಯಾಕ್ಟೀರಿಯಾ ತಾವಾಗಿ ಬಂದು ನೆಲೆಯೂರಲು ಮತ್ತೆ ವಾರಗಟ್ಟಲೆ ಬೇಕು. ಕಾರ್ತಿಕ ಆಗಲೇ ಶುರುವಾಗಿತ್ತು. ಡಾಕ್ಟರು ಕೊಟ್ಟ ದಿನ ದೂರವಿರಲಿಲ್ಲ.

ಒಂದು ದಾರಿಯಿತ್ತು. ಹಳೆಯ ತೊಟ್ಟಿಯೊಂದರ ಕೊಳೆ ಸ್ಪಂಜಿನ ತುಂಡನ್ನು ತಂದು ಹೊಸ ತೊಟ್ಟಿಯ ಫಿಲ್ಟರಿಗೆ ಸೇರಿಸಿದರೆ, ಬ್ಯಾಕ್ಟೀರಿಯಾ ಸಂಸಾರ ಸಮೇತ ಬಂದು ಇಳಿಯುತ್ತವೆ. ಅಂಥ ಕೊಳೆ ಸ್ಪಂಜು ನನಗೆ ಗೊತ್ತಿದ್ದ ಹಾಗೆ ಒಂದೇ ಕಡೆ ಇತ್ತು. ಅದನ್ನು ಕೇಳಲು ನಾದಿನಿಯ ಮನೆ ಬಾಗಿಲಿಗೆ ಹೋಗಬೇಕಿತ್ತು.

ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಬಸ್ಸಿನಲ್ಲಿ ಹೊರಟೆವು. ಗುಬ್ಬಿಯಲ್ಲಿ ಅಂದು ಸಂತೆ; ಬಸ್‌ಸ್ಟ್ಯಾಂಡಿನಿಂದ ಅವಳ ಮನೆ ಸೇರುವಷ್ಟರಲ್ಲಿ ಯಜಮಾನರು ಮೂರು ಕಡೆ ನಿಂತು ಅವರೆಕಾಯಿ ಮೂಸಿದರು. ಮನೆಗೆ ಹೋದರೆ ಕಾಫಿ, ಚಕ್ಕುಲಿ, ಊರವರೆಲ್ಲರ ಸಮಾಚಾರ. ವಿಷಯಕ್ಕೆ ಬರುವ ಹೊತ್ತಿಗೆ ನಾದಿನಿ ದೇವರ ಮುಂದೆ ದೀಪ ಹಚ್ಚಿ ಬಂದಿದ್ದಳು. ನಾನು ಬ್ಲೀಚಿಂಗ್ ಪೌಡರಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಕೊನೆಗೆ ಅವಳಿಗೆ ಸುಲಭವಾಗಿ ಅರ್ಥವಾಗಲಿ ಎಂದು, ಮೊಸರಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆಯೇ ಇದು, ನಿನ್ನ ಸ್ಪಂಜಿನಲ್ಲಿ ಅರ್ಧ ಕೊಟ್ಟರೆ ನಮ್ಮ ತೊಟ್ಟಿಗೆ ಹೆಪ್ಪಾಗುತ್ತದೆ ಎಂದೆ.

ಅವಳ ಮುಖ ಗಂಭೀರವಾಯಿತು. "ದೀಪ ಹಚ್ಚಾಯ್ತಲ್ಲ ಅತ್ತಿಗೆ. ದೀಪ ಹಚ್ಚಿದ್ಮೇಲೆ ಹೆಪ್ಪು ಆಚೆ ಕೊಡಲ್ಲ."

"ಇದು ಮೊಸರಲ್ಲ ಕಣೇ. ಕೊಳೆ ಸ್ಪಂಜು."

"ಹೆಪ್ಪು ಅಂತ ನೀವೇ ಈಗ ಬಾಯ್ಬಿಟ್ಟು ಕೇಳುದ್ರಿ. ನಮ್ಮತ್ತೆ ಇದ್ದಾಗ್ಲಿಂದ ಈ ಮನೇಲಿ ಹಾಲು, ಮೊಸ್ರು, ಹೆಪ್ಪು ದೀಪ ಹಚ್ಚಿದ್ಮೇಲೆ ಹೊಸಲು ದಾಟಿಲ್ಲ. ನಾಳೆ ಬೆಳಿಗ್ಗೆ ತಗೊಂಡ್ ಹೋಗಿ. ರಾತ್ರಿಗೆ ಮುದ್ದೆ, ಬಸ್ಸಾರು ಮಾಡ್ತೀನಿ."

ನಾನು ಯಜಮಾನರ ಕಡೆ ನೋಡಿದೆ. ಬಸ್ಸಾರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರು ನನ್ನ ಕಡೆ ನೋಡುವ ಗೋಜಿಗೆ ಹೋಗಲಿಲ್ಲ. ನನಗೆ ಬೇರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ನನ್ನದೇ ಹೊತ್ತಿಗೆ ನನ್ನದೇ ಲೋಟದಲ್ಲಿ ಬಿಸಿನೀರು ಕುಡಿಯದಿದ್ದರೆ ದಿನ ಸರಿಹೋಗುವುದಿಲ್ಲ. ಇದನ್ನೆಲ್ಲ ಹೇಳಿದೆ. ಬಿಸಿನೀರು ಗುಬ್ಬಿಯಲ್ಲೂ ಕುದಿಯುತ್ತದೆ ಎಂದಳು ನಾದಿನಿ. ಉಳಿದುಕೊಂಡೆವು. ನಿಜ ಹೇಳಬೇಕೆಂದರೆ ಬಸ್ಸಾರು ಚೆನ್ನಾಗಿತ್ತು, ನಿದ್ದೆಯೂ ಬಂತು.

ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದು ಫಿಲ್ಟರ್ ಬಿಚ್ಚಿದಳು. ಸ್ಪಂಜು ಬೆಲ್ಲದ ಪಾಕದಲ್ಲಿ ಅದ್ದಿದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಅರ್ಧವನ್ನು ಕತ್ತರಿಸಿ, ತೊಟ್ಟಿಯದೇ ನೀರು ತುಂಬಿದ ಹಿಡಿಯಿರುವ ಸ್ಟೀಲ್ ತೂಕುಪಾತ್ರೆಯಲ್ಲಿ ಮುಳುಗಿಸಿದಳು. ತೂಕಿಗೆ ಅರಿಶಿನ ಕುಂಕುಮ ಹಚ್ಚಿ, ನನ್ನ ಹಣೆಗೂ ಇಟ್ಟು, ಜೊತೆಗೆ ಎಲೆ ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟಳು. "ತೊಳೀಬೇಡಿ, ಅತ್ತಿಗೆ," ಎಂದು ಕೈ ಹಿಡಿದು ಹೇಳಿದಳು. ಆ ಮಾತಿನಲ್ಲಿ ಲೇವಡಿ ಇರಲಿಲ್ಲ. ಅಕ್ಕನ ಬಚ್ಚಲಿನ ವಿಷಯವನ್ನು ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಿದ್ದೆ.

ಬಸ್ಸಿನಲ್ಲಿ ಯಜಮಾನರು ತೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಳಗಿನವರಿಗೆ ಗಾಳಿ ಬೇಕು ಎಂದು ಮುಚ್ಚಳ ತೆಗೆಸಿದ್ದೆ. ಪಕ್ಕದಲ್ಲಿ ಕೂತ ಕೊಬ್ಬರಿ ಮಂಡಿಯವರೊಬ್ಬರು ಬಗ್ಗಿ ನೋಡಿ, ಏನು ಸಾರು ಸ್ವಾಮಿ ಎಂದು ಕೇಳಿದರು. ಬಾಣಂತಿ ಕಷಾಯ ಎಂದರು ಯಜಮಾನರು. ಆ ಮಂಡಿಯವರು ಮುಂದೆ ತುಮಕೂರಿನ ತನಕ ಕಿಟಕಿಯಾಚೆ ನೋಡುತ್ತ ಬಂದರು.

ಮನೆಗೆ ಬಂದವಳೇ ಕಾಲು ತೊಳೆಯುವ ಮೊದಲು ಆ ತುಂಡನ್ನು ನಮ್ಮ ಬೆಳ್ಳಗಿನ ಸ್ಪಂಜಿನ ಪಕ್ಕದಲ್ಲಿ ತುರುಕಿ ಫಿಲ್ಟರ್ ಹಾಕಿದೆ. ಒಂದು ಚಿಟಿಕೆ ಮೇವನ್ನು ಸ್ಪಂಜಿನೊಳಗಿನವರ ಊಟಕ್ಕೆಂದು ಬಿಟ್ಟೆ. ಮುತ್ತಿನಂಥ ನೀರು ಒಂದು ಗಳಿಗೆಯಲ್ಲಿ ಕದಡಿ ಮಬ್ಬಾಯಿತು. ಕೈ ಕಟ್ಟಿಕೊಂಡು ನಿಂತೆ. ಕೈ ಕಟ್ಟಿಕೊಳ್ಳದಿದ್ದರೆ ಏನು ಮಾಡುತ್ತಿದ್ದೆನೋ.

ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕೊಳವೆಯಲ್ಲಿ ನೇರಳೆ ಬಂತು. ಅಷ್ಟು ವಾರಗಳಲ್ಲಿ ಮೊದಲ ಸಲ ಬಂದ ನೇರಳೆ. ವಿಷವೇ ಆದರೂ ಅದನ್ನು ನೋಡಿ ನನಗಾದ ಸಂತೋಷ ಹೇಳತೀರದು. ಮೊದಲ ತಂಡದವರು ಕೆಲಸಕ್ಕೆ ಹಾಜರಾಗಿದ್ದರು. ಯಜಮಾನರನ್ನು ಕೂಗಿ ತೋರಿಸಿದೆ. ನೇರಳೆ ಹಣ್ಣಿನ ಕಾಲ ಅಲ್ಲವಲ್ಲ ಎಂದರು. ಆಮೇಲೆ ಅಮೋನಿಯಾ ಹಸಿರಿನಿಂದ ಹಳದಿಗೆ ಇಳಿಯಿತು. ಆ ನೇರಳೆ ದಿನದಿಂದ ದಿನಕ್ಕೆ ತಿಳಿಯಾಗುತ್ತ ಬಂದು ಒಂದು ಬೆಳಿಗ್ಗೆ ನೀಲಿಯಾಯಿತು. ನೈಟ್ರೇಟಿನ ಕೊಳವೆ ಕೆಂಪಗಾಯಿತು. ಖಾತ್ರಿ ಮಾಡಿಕೊಳ್ಳಲು ಒಂದು ದೊಡ್ಡ ಚಿಟಿಕೆ ಮೇವು ಹಾಕಿ ಮತ್ತೆ ನೋಡಿದೆ. ಹಳದಿ, ನೀಲಿ, ಕೆಂಪು. ಎಲ್ಲವನ್ನೂ ತಿಂದು ಮುಗಿಸಿದ್ದವು.

ಆ ಸಂಜೆ ಫೋನ್ ಬರುವ ತನಕ ಕಾಯದೆ ನಾನೇ ಮಾಡಿದೆ. "ಪಾಸಾಯ್ತು ಕಣೇ ಅಕ್ಕ."

"ಹಂಗಾದ್ರೆ ಯಾವತ್ತು ಬರ್ತೀರಾ ಕರ್ಕೊಂಡೋಗಕ್ಕೆ?" ಎಂದಳು.

ಕುಣಿಗಲ್‌ನಿಂದ ಕಾರಿನಲ್ಲಿ ಬರುವಾಗ ಮೀನಿನ ಬಕೆಟ್ಟನ್ನು ಯಾರಿಗೂ ಕೊಡದೆ ತಾನೇ ಕಾಲುಗಳ ನಡುವೆ ಇಟ್ಟುಕೊಂಡು ಬಂದಳು. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಯಜಮಾನರಿಗೆ ಬೈಗುಳ ತಪ್ಪಲಿಲ್ಲ. ಮೊದಲು ಒಂದೇ ಮೀನನ್ನು ಬಿಡೋಣ, ನಾಲ್ಕು ದಿನ ನೋಡಿ ಉಳಿದವನ್ನು ಬಿಡೋಣ ಎಂದು ನಾನು ಕ್ರಮ ಹೇಳಿದೆ. ಹರಿದ ಬಾಲದ್ದನ್ನು ಬಿಟ್ಟಳು. ಗೋಡೆ ಹಿಡಿದು ತೊಟ್ಟಿಯ ಮುಂದೆ ನಿಂತು ಗಾಜಿಗೆ ಬೆರಳಿನಿಂದ ತಟ್ಟಿದಳು. ಮೂಲೆಯಲ್ಲಿ ಅಡಗಿದ್ದ ಮೀನು ಹೊರಗೆ ಬಂದು ಅವಳ ಬೆರಳಿಗೆ ಎದುರಾಗಿ ನಿಂತಿತು. ಅದು ಉಸಿರಾಡುವ ರೀತಿಯನ್ನು ನಾನು ನೋಡಿದೆ. ನಿಧಾನ, ಒಂದೇ ಸಮ. ಉಳಿದ ಎರಡೂ ಸೇರಿಕೊಂಡ ಮೇಲೆ ಅಕ್ಕ ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಆಸ್ಪತ್ರೆಗೆ ಬಂದು ಮಲಗಿದಳು.

ಆಪರೇಷನ್ ಆದ ಮೇಲೆ ಮನೆಗೆ ಕರೆತಂದು ನಾನು ನನ್ನ ಹಳೆಯ ನೌಕರಿಗೆ ಮರಳಿದೆ. ಮಂಚದಿಂದ ತೊಟ್ಟಿಯವರೆಗೆ ನಡೆದರೆ ಮಾತ್ರ ಮೀನಿಗೆ ಮೇವು ಹಾಕಬಹುದು ಎಂದು ನಿಯಮ ಮಾಡಿದೆ. ಮೊದಲು ವಾಕರ್ ಹಿಡಿದು ಗೊಣಗುತ್ತ ಬಂದಳು, ಆಮೇಲೆ ಕೋಲು ಹಿಡಿದು ಬೈಯುತ್ತ ಬಂದಳು, ಸಂಕ್ರಾಂತಿ ಕಳೆದು ಎಷ್ಟೋ ದಿನವಾದ ಮೇಲೆ ಒಂದು ಬೆಳಿಗ್ಗೆ ಕೋಲನ್ನು ಬಾಗಿಲ ಹಿಂದೆಯೇ ಮರೆತು ಬಂದಳು. ನಾನು ನೋಡಿಯೂ ಕೋಲನ್ನು ತಂದುಕೊಡಲಿಲ್ಲ. ನಾದಿನಿ ಬಂದಾಗಲೆಲ್ಲ ಮೊದಲು ತೊಟ್ಟಿಯ ಗಾಜಿನ ಮೇಲೆ ಬೆರಳಾಡಿಸಿ ಪಾಚಿ ಇದೆಯೇ ಎಂದು ನೋಡುತ್ತಿದ್ದಳು, ಆಮೇಲೆ ಅಕ್ಕನ ಮಂಡಿ ವಿಚಾರಿಸುತ್ತಿದ್ದಳು. ಕರ್ಚೀಫು ಇರಲಿಲ್ಲ ಅಷ್ಟೇ.

ಯುಗಾದಿ ಮುಗಿದ ಮೇಲೆ ಅಕ್ಕ ಹೊರಟು ನಿಂತಳು. ಹುಡುಗಿಯರು ಕಾಯುತ್ತಿದ್ದರು. ಅವಳಿಗೆ ಈಗ ಮಿಷನ್ ತುಳಿಯಲು ಆಗುತ್ತಿತ್ತು. ಅವಸರ ಕಾಲಿನಲ್ಲೇ ಕಾಣುತ್ತಿತ್ತು. ಬಿಸಿಲು ಇಳಿದ ಮೇಲೆ ಯಜಮಾನರು ಕಾರಿನಲ್ಲಿ ಬಿಟ್ಟು ಬರುವುದೆಂದಾಯಿತು. ಬ್ಯಾಗು ಬಾಗಿಲಿಗೆ ಬಂತು. ಅರ್ಧ ಬಿಳಿಯ ಮೀನು ನಮ್ಮಲ್ಲಿ ಉಳಿಯುವುದು, ಉಳಿದೆರಡು ಅವಳ ಜೊತೆ ಹೋಗುವುದು ಎಂದು ಅಕ್ಕನೇ ಪಾಲು ಮಾಡಿದ್ದಳು. ಕಡೆಗೆ ನೆನಪು ಮಾಡಿಕೊಂಡು ಹೇಳಿದಳು:

"ನಮ್ ಹುಡ್ಗೀರು ನಾನ್ ಬರ್ತೀನಂತ ಕಲ್ಲುಬಾನೀನ ಉಜ್ಜಿ ಬೆಳ್ಳಗೆ ಮಾಡವ್ರಂತೆ ಕಣೇ. ಅದ್ಕೂ ಒಂಚೂರು ಹೆಪ್ಪು ಕೊಡು."

ಕೊಡುತ್ತೇನೆ, ಇರು ಎಂದು ಒಳಗೆ ಹೋದೆ. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವುದಕ್ಕೆ ಒಂದು ಹೊತ್ತಿದೆ. ಅದು ಹಿಂದೆಮುಂದೆ ಆದದ್ದನ್ನು ಯಜಮಾನರು ಮದುವೆಯಾದಾಗಿನಿಂದ ನೋಡಿಲ್ಲ. ಅಂಗಳದಲ್ಲಿ ಇನ್ನೂ ಬಿಸಿಲಿತ್ತು, ಕಾಂಪೌಂಡಿನ ನೆರಳು ತುಳಸಿ ಕಟ್ಟೆಯನ್ನೂ ಮುಟ್ಟಿರಲಿಲ್ಲ. ನಾನು ದೇವರ ಮನೆಗೆ ಹೋಗಿ ಬತ್ತಿ ಹೊಸೆದು, ಎಣ್ಣೆ ಹಾಕಿ, ದೀಪ ಹಚ್ಚಿ, ಗಂಟೆ ಬಾರಿಸಿ ಹೊರಗೆ ಬಂದೆ.

"ದೀಪ ಹಚ್ಚಾಯ್ತಲ್ಲ ಅಕ್ಕ. ಹೆಪ್ಪು ನಾಳೆ ಬೆಳಿಗ್ಗೆ ತಗೊಂಡ್ ಹೋಗು."

ಯಜಮಾನರು ಗೋಡೆಯ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಕಾರಿನ ಬೀಗದ ಕೈಯನ್ನು ಮೊಳೆಗೆ ತಗುಲಿಸಿದರು. ಅಕ್ಕ ಬಾಗಿಲಾಚೆಯ ಬಿಸಿಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೋಲಿಲ್ಲದೆ ನಡೆದು ಹೋಗಿ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತಳು.